ಬೇಸಗೆಯಲ್ಲಿ ನಿದ್ರಿಸುವ ಗಡ್ಡೆ

ಶೀತದೇಶಗಳಲ್ಲಿ ವಸಂತದಲ್ಲಿ ಅರಳುವ ಟ್ಯೂಲಿಪ್ ಬಂಟ್ವಾಳದ ನೆಲದಲ್ಲಿ ಏಕೆ ಹೂಬಿಡದು? ಅದರ ಗಡ್ಡೆಯೊಳಗಿನ ಮೊಗ್ಗು ಚೆನ್ನಾಗಿ ಮೇಲೇಳಲು ಸುಮಾರು 12 ವಾರಗಳ ಕಾಲ 9 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಚಳಿ ಬೇಕು. ನಮ್ಮಲ್ಲಿ ಆ ಚಳಿಯೆಲ್ಲಿ?

ಆದರೆ ಬೆಳ್ತಂಗಡಿ, ಮೂಡುಬಿದಿರೆಗಳ ಅಂಗಳಗಳಲ್ಲಿ ಮೇ ತಿಂಗಳಲ್ಲಿ ಕೆಂಪು ಚೆಂಡಿನಂತೆ ಅರಳುವ ಫುಟ್‌ಬಾಲ್ ಲಿಲ್ಲಿಯನ್ನು ನೋಡಿರಿ. ಆಫ್ರಿಕ ಮೂಲದ ಈ ಗಿಡಕ್ಕೆ ಬೇಕಾದುದು ಚಳಿಯಲ್ಲ, ಒಣ ಹವೆಯ ವಿಶ್ರಾಂತಿ. ಮಳೆಗಾಲದಲ್ಲಿ ಎಲೆಗಳು ತಯಾರಿಸಿದ ಆಹಾರವು ನೀರುಳ್ಳಿಯಂತಹ ಗಡ್ಡೆಯಲ್ಲಿ ಶೇಖರವಾಗುತ್ತದೆ. ಎಲೆ ಒಣಗಿದ ಮೇಲೆ ಗಡ್ಡೆ ನಿದ್ರಿಸುತ್ತದೆ. ಬೇಸಗೆಯ ಮಳೆಗೆ ಎಚ್ಚರಗೊಳ್ಳುತ್ತದೆ.

ಒಮ್ಮೆ ನಾನು ಬರಿದಾದ ಕುಂಡವನ್ನು ಕಂಡು ಮರುಗಿ ದಿನವೂ ನೀರೆರೆದೆ, ಗಡ್ಡೆ ಕೊಳೆತುಹೋಯಿತು. ನೀವು ಹಾಗೆ ಮಾಡದಿರಿ. ಹಸುರೆಲೆಗಳನ್ನು ಕತ್ತರಿಸದಿರಿ. ಗಡ್ಡೆಯಲ್ಲಿ ವಿಷವಿರುವುದರಿಂದ ಮುಟ್ಟಿದ ಬಳಿಕ ಕೈ ತೊಳೆಯಿರಿ.