ಮೈಮೇಲೆ ಬಂದ ಅಮ್ಮ, ಮೈಮೇಲಿರುವ ಹೊಣೆ

1999ರ ಕೊನೆಯಲ್ಲಿ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ಉತ್ಪಾದನೆ ಶುರುವಾಯಿತು. ಸುತ್ತಲ ಹಳ್ಳಿಗಳ ದಿನಚರಿ ಶಿಫ್ಟಿನ ಲೆಕ್ಕಕ್ಕೆ ತಿರುಗಿತು. ಆದರೆ ರಾಮನಗರ ಸೀಮೆಯಲ್ಲಿ ಅಮ್ಮನ ಮುಂದೆ ಅಪ್ಪಣೆ ಕೇಳುವ ರೂಢಿ ಮಾತ್ರ ನಿಂತಿಲ್ಲ.

ಮಾರಮ್ಮನ ಗುಡಿ. ತಮಟೆ ಬಿರುಸಾಗುತ್ತದೆ. ಮಡಿಯುಟ್ಟು ಒಪ್ಪೊತ್ತಿದ್ದ ಪೂಜಾರಿಯ ಮೈ ನಡುಗುತ್ತದೆ, ಕೈಯಲ್ಲಿ ಬೇವಿನ ಸೊಪ್ಪು.

"ತಾಯೀ, ಮಗನ ಕೆಲಸ ಪರ್ಮನೆಂಟ್ ಆಗುತ್ತಾ?"

"ಹೆದರಬ್ಯಾಡ ಕಂದಾ, ನಾನಿದ್ದೀನಿ."

ಹಣೆಗೆ ಕುಂಕುಮ, ಅಂಗೈಗೆ ನಿಂಬೆಹಣ್ಣು. ಮುಂದಿನವರು ಬರಬಹುದು.

ಈ ನುಡಿಗೆ ಹೊಣೆಯೂ ಉಂಟು. ದೇವರು ಬರುವವರು ನೇಮ ತಪ್ಪುವಂತಿಲ್ಲ. ಕೇಳಲು ಬಂದವರ ಮನೆಗುಟ್ಟು ಬಯಲಾದರೆ, ಪಕ್ಕದ ಮನೆಯವರ ಮೇಲೆ ಮಾಟದ ಗುಮಾನಿ ಹುಟ್ಟಿಸಿದರೆ ಊರೇ ಒಡೆಯುತ್ತದೆ.

ಅದರಾಚೆಗೆ ಕಾನೂನಿದೆ. ಕರ್ನಾಟಕದ ಮೌಢ್ಯಾಚರಣೆ ತಡೆ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ, 2020ರ ಜನವರಿಯಲ್ಲಿ ಜಾರಿಗೆ ಬಂತು. ಗುಡಿಯ ಪೂಜೆ ಪುನಸ್ಕಾರಕ್ಕೆ ಅದರ ಅಡ್ಡಿಯಿಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದು ಅಪರಾಧ. ಶಿಕ್ಷೆ 1ರಿಂದ 7 ವರ್ಷ ಸೆರೆವಾಸ, ಜೊತೆಗೆ 5 ಸಾವಿರದಿಂದ 50 ಸಾವಿರ ರೂಪಾಯಿವರೆಗೆ ದಂಡ.