ಮಣಲಿಯಲ್ಲಿ ಹಿಮ ಇಲ್ಲ, ಕಡಲುಂಟು

‘ಚೆನ್ನೈನಲ್ಲಿ ಮಣಲಿ ಎಂಬಲ್ಲಿ ಮನೆ ಮಾಡಿದ್ದೇವೆ’ ಎಂದು ಊರಿಗೆ ಫೋನ್ ಮಾಡಿದಾಗ ಅತ್ತೆ ಕೇಳಿದ ಮೊದಲ ಪ್ರಶ್ನೆ, ‘ಸ್ವೆಟರ್ ತಗೊಂಡಿದ್ದೀಯಾ?’ ಅವರ ಕಿವಿಗೆ ಬಿದ್ದದ್ದು ಹಿಮಾಚಲದ ಮನಾಲಿ. ನಾವಿರುವುದು ಉತ್ತರ ಚೆನ್ನೈನ ಮಣಲಿ. ಇಲ್ಲಿ ಹಿಮ ಬೀಳುವುದಿಲ್ಲ. ರಿಫೈನರಿಯ ಎತ್ತರದ ಚಿಮಣಿಯ ತುದಿಯಲ್ಲಿ ರಾತ್ರಿಯಿಡೀ ಬೆಂಕಿ ಉರಿಯುತ್ತಿರುತ್ತದೆ. ರಸ್ತೆ ತುಂಬ ಟ್ಯಾಂಕರ್‌ಗಳು, ಕಂಟೇನರ್ ಲಾರಿಗಳು. ಗಾಳಿ ತಿರುಗಿದ ದಿನ ಕಿಟಕಿ ಮುಚ್ಚಬೇಕು.

ಹೆಂಡತಿಗೆ ಇಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ. ನನ್ನ ಆಫೀಸು ನಗರದ ಇನ್ನೊಂದು ತುದಿಯಲ್ಲಿ, ಹಳೆ ಮಹಾಬಲಿಪುರಂ ರಸ್ತೆಯಲ್ಲಿ; ವಾರಕ್ಕೆ ಎರಡು ದಿನ ಹೋದರೆ ಸಾಕು. ಐದು ವರ್ಷದಿಂದ ಇಲ್ಲಿದ್ದೇವೆ. ಒಂದು ಮಾತು ಒಪ್ಪಿಕೊಳ್ಳಬೇಕು: ಈ ಐದು ವರ್ಷವೂ ನಾನು ನನ್ನ ವಿಳಾಸದ ಬಗ್ಗೆ ನಾಚಿಕೊಂಡೇ ಬದುಕಿದೆ. ಊರಿನಿಂದ ಯಾರಾದರೂ ಬಂದರೆ ಬೆಳಿಗ್ಗೆಯೇ ಕಾರು ಹತ್ತಿಸಿ ದಕ್ಷಿಣಕ್ಕೆ ಓಡುತ್ತಿದ್ದೆ. ಮೈಲಾಪುರದ ಕಪಾಲೀಶ್ವರ, ಮರೀನಾ, ಮಹಾಬಲಿಪುರ, ಒಂದು ಮಾಲ್. ರಾತ್ರಿ ಮಲಗುವುದಕ್ಕೆ ಮಾತ್ರ ಮಣಲಿ.

ಆ ಅಭ್ಯಾಸ ತಪ್ಪಿಸಿದ್ದು ಅಪ್ಪ.

ಅಮ್ಮ ಹೋದ ಮೇಲೆ ಅಪ್ಪ ಕುಳಾಯಿಯ ಮನೆಯಲ್ಲಿ ಒಬ್ಬರೇ. ಪಣಂಬೂರು ಬಂದರಿನಲ್ಲಿ ಮೂವತ್ತೇಳು ವರ್ಷ ದುಡಿದು ನಿವೃತ್ತರಾದವರು. ‘ನಮ್ಮ ಜೊತೆಗೇ ಬಂದಿರಿ’ ಎಂದರೆ ‘ಆ ಊರಲ್ಲಿ ನನಗೆ ಎಂತ ಉಂಟು?’ ಎನ್ನುವುದು ಅವರ ಖಾಯಂ ಉತ್ತರ. ಕಳೆದ ಜನವರಿಯಲ್ಲಿ ಅಂತೂ ಹತ್ತು ದಿನಕ್ಕೆಂದು ಒಪ್ಪಿ ಮಂಗಳೂರು ಮೇಲ್ ಹತ್ತಿದರು, ವಾಪಸು ಟಿಕೆಟ್ ಮಾಡಿಸಿಕೊಂಡೇ. ಈ ಹತ್ತು ದಿನದಲ್ಲಿ ಅವರ ಮನಸ್ಸು ಬದಲಾಗಬೇಕು ಎಂಬುದು ನನ್ನ ಲೆಕ್ಕ.

ಸೆಂಟ್ರಲ್‌ನಿಂದ ಕರೆದುಕೊಂಡು ಬರುವಾಗ ಮಣಲಿ ಹತ್ತಿರವಾಗುತ್ತಿದ್ದಂತೆ ಕಾರಿನ ಗಾಜು ಏರಿಸಿದೆ. ಅಪ್ಪ ಇಳಿಸಿದರು. ಮೂಗೆತ್ತಿ ಎರಡು ಸಲ ಉಸಿರೆಳೆದುಕೊಂಡು, ‘ಇದು ನಮ್ಮ ಪಣಂಬೂರೇ ಅಲ್ವಾ ಮಾರಾಯ!’ ಎಂದರು.

ನನಗೆ ಹೊಳೆಯದೇ ಇದ್ದದ್ದು ಅದು. ಪಣಂಬೂರಿನ ಸುತ್ತ ಬಂದರು, ರಿಫೈನರಿ, ಗೊಬ್ಬರದ ಕಾರ್ಖಾನೆ. ಮಣಲಿಯಲ್ಲಿ 1969ರಲ್ಲಿ ಶುರುವಾದ ರಿಫೈನರಿ, ಗೊಬ್ಬರದ ಕಾರ್ಖಾನೆ, ಅತ್ತ ಎಣ್ಣೂರಿನ ಬಂದರು. ಸುರತ್ಕಲ್‌ನಲ್ಲಿ ಎಂ.ಟೆಕ್ ಓದುವಾಗ ದಿನಾ ಉಸಿರಾಡಿದ ಗಾಳಿಯನ್ನೇ ಇಲ್ಲಿ ದೂರುತ್ತ ಕೂತಿದ್ದೆ.

ಮೊದಲ ಶನಿವಾರ ಹಳೇ ಚಾಳಿಯಂತೆ ಮಾಲ್‌ಗೆ ಕರೆದೊಯ್ದೆ. ಅಪ್ಪ ಎಸ್ಕಲೇಟರ್ ಪಕ್ಕದ ಬೆಂಚಿನಲ್ಲಿ ಎರಡು ಗಂಟೆ ಕೂತರು. ಹೊರಗೆ ಬಂದು ಕೇಳಿದ್ದು ಒಂದೇ: ‘ಇಲ್ಲಿಯ ಧಕ್ಕೆ ಎಲ್ಲಿ?’

ಹಾಗಾಗಿ ಭಾನುವಾರ ಬೆಳಗಿನ ಐದೂವರೆಗೆ ಕಾಸಿಮೇಡಿನ ಮೀನುಗಾರಿಕೆ ಬಂದರು. ಅಲ್ಲಿಗೆ ನಾನೂ ಹೋಗಿದ್ದು ಮೊದಲ ಸಲ. ಸಾಲುಸಾಲು ಬೋಟುಗಳು, ತಲೆಯ ಮೇಲೆ ಐಸ್ ನೀರು ಸೋರುವ ಬುಟ್ಟಿಗಳು, ಹರಾಜಿನ ಕೂಗು. ಅಪ್ಪನಿಗೆ ತಮಿಳು ಬಾರದು, ಮೀನು ಬರುತ್ತದೆ. ನಮ್ಮ ಅಂಜಲ್ ಇಲ್ಲಿ ವಂಜಿರಂ, ಮಾಂಜಿ ಇಲ್ಲಿ ವವ್ವಾಲ್, ಕಾಣೆ ಇಲ್ಲಿ ಕಿಳಂಗಾನ್. ಮಾರುವ ಹೆಂಗಸಿನ ಎದುರು ಕೂತು, ಕಿವಿರು ಎತ್ತಿ ನೋಡಿ, ತಲೆಯಾಡಿಸಿ, ಬೆರಳಲ್ಲೇ ಚೌಕಾಸಿ ಮಾಡಿ ಕಾಣೆ ತೆಗೆದುಕೊಂಡರು. ನಾನು ಗೂಗಲ್ ಪೇ ಮಾಡಲು ಮಾತ್ರ ಬೇಕಾದೆ.

ಅಲ್ಲಿಂದ ರಾಯಪುರಂ ರೈಲು ನಿಲ್ದಾಣ ಹತ್ತಿರವೇ. 1856ರಲ್ಲಿ ದಕ್ಷಿಣ ಭಾರತದ ಮೊದಲ ರೈಲು ಹೊರಟದ್ದು ಇಲ್ಲಿಂದ, ಆರ್ಕಾಟಿನ ಕಡೆಗೆ. ದೇಶದಲ್ಲಿ ಇಂದಿಗೂ ಉಳಿದಿರುವ ಅತಿ ಹಳೆಯ ನಿಲ್ದಾಣ ಕಟ್ಟಡ ಇದೇ. ಕಂಬಗಳ ಸಾಲಿನ ಅರಮನೆಯಂಥ ಮುಖ, ಎದುರಿಗೆ ಅಷ್ಟೇನೂ ಜನವಿಲ್ಲ. ಮುಂಬೈನಲ್ಲೋ ದೆಹಲಿಯಲ್ಲೋ ಇದ್ದಿದ್ದರೆ ಸೆಲ್ಫಿಗೆ ಸರದಿ ನಿಲ್ಲಬೇಕಿತ್ತು.

ಇನ್ನೊಂದಿಷ್ಟು ದೂರದಲ್ಲಿ, ಹಳೆ ಜೈಲು ರಸ್ತೆಯಲ್ಲಿ ಮಾಡಿ ಪೂಂಗಾ ಎಂಬ ಜಾಗವಿದೆ. ಮಾಡಿ ಎಂದರೆ ಮಹಡಿ, ಪೂಂಗಾ ಎಂದರೆ ಉದ್ಯಾನ. ದಪ್ಪ ಗೋಡೆಯೊಂದರ ನೆತ್ತಿಯ ಮೇಲಿನ ಪಾರ್ಕು. ಕನ್ನಡಿಗರು ಇದನ್ನು ನೋಡಲೇಬೇಕು; ಯಾಕೆಂದರೆ ಈ ಗೋಡೆಯ ಹಿಂದಿರುವುದು ನಮ್ಮ ಹೈದರಾಲಿಯ ಭಯ. 1769ರಲ್ಲಿ ಹೈದರ್ ತನ್ನ ಕುದುರೆ ಸೈನ್ಯದೊಡನೆ ಮಿಂಚಿನಂತೆ ಬಂದು ಮದ್ರಾಸಿನ ಬಾಗಿಲಲ್ಲೇ ನಿಂತ. ಕಂಪನಿಯವರು ಬೇರೆ ದಾರಿ ಕಾಣದೆ ಏಪ್ರಿಲ್‌ನಲ್ಲಿ ಮದ್ರಾಸ್ ಒಪ್ಪಂದಕ್ಕೆ ಸಹಿ ಹಾಕಿದರು. ಆಮೇಲೆ ಕೋಟೆಯ ಹೊರಗಿನ ಪೇಟೆಯನ್ನು ಕಾಯಲು ಗೋಡೆ ಎದ್ದಿತು. ಅದರ ಖರ್ಚಿಗೆಂದು ಜನರ ಮೇಲೆ ತೆರಿಗೆ ಹಾಕುವ ಯೋಚನೆಯೂ ಆಯಿತು. ಸೆಂಟ್ರಲ್ ನಿಲ್ದಾಣದ ಪಕ್ಕದ ವಾಲ್ ಟ್ಯಾಕ್ಸ್ ರಸ್ತೆಗೆ ಆ ಹೆಸರು ಉಳಿದದ್ದು ಹಾಗೆ. ಅಲ್ಲಿಂದ ಎಷ್ಟು ಸಲ ಬೆಂಗಳೂರು ರೈಲು ಹಿಡಿದಿದ್ದೇನೆ, ಹೆಸರು ಯಾಕೆ ಎಂದು ಕೇಳಿಕೊಂಡದ್ದಿಲ್ಲ.

ಅಪ್ಪ ಗೋಡೆಯನ್ನು ಕೈಯಿಂದ ತಟ್ಟಿ ನೋಡಿದರು. ‘ಇಲ್ಲಿ ಅಪ್ಪನ ಒಪ್ಪಂದ, ನಮ್ಮಲ್ಲಿ ಮಗನದ್ದು’ ಎಂದರು. 1784ರ ಮಂಗಳೂರು ಒಪ್ಪಂದದಲ್ಲಿ ಟಿಪ್ಪು ಇದೇ ಕಂಪನಿಯವರೊಡನೆ ಸಹಿ ಹಾಕಿದ್ದು ನಮ್ಮೂರಿನಲ್ಲಿ. ಎರಡು ಕಡಲು, ಎರಡು ಬಂದರು, ಒಂದೇ ಜಗಳ.

ಸೋಮವಾರ ರಜೆ ಹಾಕಿ ಸೇಂಟ್ ಜಾರ್ಜ್ ಕೋಟೆಗೆ ಹೋದೆವು. ಚೆನ್ನೈನ ಹುಟ್ಟು ಇಲ್ಲಿಯೇ. ವಿಜಯನಗರದ ಅರಸರ ಕೊನೆಯ ಕಾಲದಲ್ಲಿ, 1639ರಲ್ಲಿ, ಅವರ ಸಾಮಂತ ನಾಯಕರಿಂದ ಕಂಪನಿಯವರು ಈ ಮರಳು ದಂಡೆಯನ್ನು ಪಡೆದರು. ಚೆನ್ನಪಟ್ಟಣ ಎಂಬ ಹೆಸರು ಆ ನಾಯಕರ ತಂದೆ ದಾಮರ್ಲ ಚೆನ್ನಪ್ಪ ನಾಯಕರಿಂದ ಬಂದದ್ದು. ಈಗ ಕೋಟೆಯೊಳಗೆ ತಮಿಳುನಾಡಿನ ವಿಧಾನಸಭೆ, ಸಚಿವಾಲಯ ಇರುವುದರಿಂದ ತಪಾಸಣೆ ದಾಟಿಯೇ ಹೋಗಬೇಕು. 1680ರ ಸೇಂಟ್ ಮೇರಿ ಚರ್ಚ್ ಒಳಗಿದೆ. ರಾಬರ್ಟ್ ಕ್ಲೈವ್‌ನ ಮದುವೆ ನಡೆದದ್ದು ಅಲ್ಲೇ, 1753ರಲ್ಲಿ. ಮ್ಯೂಸಿಯಂನಲ್ಲಿ 1947ರ ಆಗಸ್ಟ್ 15ರಂದು ಈ ಕೋಟೆಯ ಮೇಲೆ ಹಾರಿದ ರಾಷ್ಟ್ರಧ್ವಜವಿದೆ. ಬಣ್ಣ ಮಾಸಿದರೂ ಅದರ ಮುಂದೆ ಎಲ್ಲರೂ ದನಿ ತಗ್ಗಿಸುತ್ತಾರೆ.

ಅದೇ ಮ್ಯೂಸಿಯಂನಲ್ಲಿ ಲಾರ್ಡ್ ಕಾರ್ನ್‌ವಾಲಿಸ್‌ನ ದೊಡ್ಡ ಅಮೃತಶಿಲೆಯ ಪ್ರತಿಮೆ. ಪ್ರತಿಮೆಗಿಂತ ಅದರ ಪೀಠ ನೋಡಿ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾದಾಗ ಟಿಪ್ಪು ತನ್ನ ಇಬ್ಬರು ಎಳೆಯ ಗಂಡುಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದ ದೃಶ್ಯ ಅಲ್ಲಿ ಕೆತ್ತಲ್ಪಟ್ಟಿದೆ. ಶಾಲೆಯ ಪುಸ್ತಕದಲ್ಲಿ ಓದಿದ್ದೇ. ಆದರೆ ಗೆದ್ದವರು ಸಂಭ್ರಮಕ್ಕೆ ಕೆತ್ತಿಸಿದ ಕಲ್ಲಿನಲ್ಲಿ ಅದನ್ನು ನೋಡುವುದು ಬೇರೆ. ಆ ಮಕ್ಕಳನ್ನು ಕರೆತಂದು ಇಟ್ಟದ್ದು ಇದೇ ಮದ್ರಾಸಿನಲ್ಲಿ. ಹಣ ಪೂರ್ತಿ ಸಂದಾಯವಾದ ಮೇಲೆ, 1794ರಲ್ಲಿ, ಅವರನ್ನು ಹಿಂದಿರುಗಿಸಿದರು.

ಅಪ್ಪ ಪೀಠದ ಮುಂದೆ ತುಂಬ ಹೊತ್ತು ನಿಂತರು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು, ‘ಅವನ ಮಕ್ಕಳು ಎರಡೇ ವರ್ಷದಲ್ಲಿ ಮದ್ರಾಸಿನಿಂದ ವಾಪಸು ಬಂದರಲ್ಲ.’

ತಮಾಷೆಗೆ ಹೇಳಿದ್ದೇ ಇರಬಹುದು. ನಾನು ನಕ್ಕೆ. ಆದರೆ ಮನಸ್ಸಿನಲ್ಲಿ ಲೆಕ್ಕ ಹಾಕಿದೆ: ಕೆಲಸಕ್ಕೆಂದು ನಾನು ಚೆನ್ನೈಗೆ ಬಂದು ಹನ್ನೊಂದು ವರ್ಷ. ‘ನೀವೇ ಇಲ್ಲಿಗೆ ಬನ್ನಿ’ ಎನ್ನುವಾಗ, ಅವರು ಅಷ್ಟೂ ವರ್ಷ ನನ್ನನ್ನು ‘ನೀನೇ ಬಾ’ ಎಂದು ಒಮ್ಮೆಯೂ ಒತ್ತಾಯಿಸಲಿಲ್ಲ ಎಂಬುದು ನೆನಪಾಗಿರಲಿಲ್ಲ.

ಮರುದಿನ ಸಂಜೆ ಮರೀನಾದ ದೀಪಸ್ತಂಭ. 1977ರದ್ದು. ಲಿಫ್ಟ್ ಇರುವುದರಿಂದ ಮೊಣಕಾಲು ನೋವಿನವರಿಗೂ ತೊಂದರೆಯಿಲ್ಲ. ಮೇಲಿನಿಂದ ಉತ್ತರಕ್ಕೆ ಬಂದರು, ಕೆಳಗೆ ಕಣ್ಣು ಹಾಯುವಷ್ಟೂ ಮರಳು. ‘ಎಷ್ಟು ಅಗಲದ ಬೀಚ್ ಅಲ್ವಾ ಅಪ್ಪ’ ಎಂದೆ. ಅಪ್ಪನ ಕಣ್ಣು ಬೀಚಿನ ಮೇಲೆ ಇರಲಿಲ್ಲ, ಬಂದರಿನ ತಡೆಗೋಡೆಯ ಮೇಲಿತ್ತು. ‘ಇದು ಕಡಲು ಕೊಟ್ಟ ಮರಳಲ್ಲ, ಬಂದರು ಹಿಡಿದು ನಿಲ್ಲಿಸಿದ ಮರಳು’ ಎಂದರು.

ಮದ್ರಾಸಿಗೆ ಹುಟ್ಟುಬಂದರು ಇರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ಹುರಿಯಿಂದ ಹೊಲಿದ ಮಸೂಲಾ ದೋಣಿಗಳಲ್ಲಿ ಜನ, ಸರಕು ಅಲೆ ದಾಟಿ ದಡಕ್ಕೆ ಬರಬೇಕಿತ್ತು. 1975ರಲ್ಲಿ ಪಣಂಬೂರು ಬಂದರು ಉದ್ಘಾಟನೆಯಾಗುವ ಮುಂಚೆ ನಮ್ಮಲ್ಲೂ ದೊಡ್ಡ ಹಡಗು ಹೊರಗೇ ನಿಂತು, ಸರಕು ಸಣ್ಣ ದೋಣಿಗಳಲ್ಲಿ ಧಕ್ಕೆಗೆ ಬರುತ್ತಿತ್ತು ಎಂದು ಅಪ್ಪ ನೆನೆದರು. ಇಲ್ಲಿ 1870ರ ದಶಕದಲ್ಲಿ ಕಡಲಿಗೆ ತಡೆಗೋಡೆ ಹಾಕತೊಡಗಿದರು; 1881ರ ಚಂಡಮಾರುತ ಅದನ್ನು ಮುರಿಯಿತು; ಮತ್ತೆ ಕಟ್ಟಿದರು. ಈ ತೀರದಲ್ಲಿ ವರ್ಷದ ಹೆಚ್ಚು ಕಾಲ ಅಲೆಗಳು ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ಸಾಗಿಸುತ್ತವೆ. ಗೋಡೆ ಅಡ್ಡ ಬಂದಿತು. ದಕ್ಷಿಣದಲ್ಲಿ ಮರಳು ಗುಡ್ಡೆಯಾಗಿ ಮರೀನಾ ಅಗಲವಾಯಿತು. 1880ರ ದಶಕದಲ್ಲಿ ಗವರ್ನರ್ ಗ್ರಾಂಟ್ ಡಫ್ ಅಲ್ಲಿ ವಿಹಾರದ ರಸ್ತೆ ಮಾಡಿಸಿ ಮರೀನಾ ಎಂದು ಹೆಸರಿಟ್ಟ. ಉತ್ತರದಲ್ಲಿ, ರಾಯಪುರಂನಿಂದ ತಿರುವೊತ್ತಿಯೂರಿನವರೆಗೆ, ಮರಳು ಸಿಗದೆ ಕಡಲ್ಕೊರೆತ. ಮೀನುಗಾರರ ಕೇರಿಗಳ ಮುಂದೆ ಈಗ ಬೀಚ್ ಬದಲು ಕರಿಬಂಡೆಗಳ ಸಾಲು. ‘ಉಳ್ಳಾಲದಲ್ಲಿ ನೋಡಿಲ್ವಾ ನೀನು?’ ಎಂದರು ಅಪ್ಪ.

ನೋಡಿದ್ದೆ. ಆದರೆ ಐದು ವರ್ಷದಿಂದ ನೆಂಟರನ್ನೆಲ್ಲ ಮಣಲಿಯಿಂದ ತಪ್ಪಿಸಿ ಕರೆದೊಯ್ದು ತೋರಿಸಿದ್ದು, ನಮ್ಮ ಕಡೆಗೆ ಬರಬೇಕಿದ್ದ ಮರಳನ್ನೇ ಎಂದು ಗೊತ್ತಿರಲಿಲ್ಲ. ಉತ್ತರ ಚೆನ್ನೈ ಕೊಟ್ಟದ್ದು ಮರಳಷ್ಟೇ ಅಲ್ಲ. ನಗರಕ್ಕೆ ಪೆಟ್ರೋಲು, ಕರೆಂಟು, ಕಂಟೇನರು ಎಲ್ಲ ಹೋಗುವುದು ಇಲ್ಲಿಂದ. ಹೊಗೆ, ಬೂದಿ ಉಳಿಯುವುದು ಇಲ್ಲಿ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯೊಂದಿಗೆ ಎಣ್ಣೆ ಹರಿದು ಎಣ್ಣೂರು ಅಳಿವೆ ಸೇರಿತು. ಅಲ್ಲಿನವರ ದೋಣಿ, ಬಲೆಗಳು ಕಪ್ಪು ಹಿಡಿದದ್ದನ್ನು ನಾವೆಲ್ಲ ನೋಡಿದ್ದೇವೆ.

ಇಷ್ಟಾಗಿಯೂ ಮಣಲಿ ಬರೀ ಹೊಗೆಯ ಊರಲ್ಲ. ಮುತ್ತುಸ್ವಾಮಿ ದೀಕ್ಷಿತರ ಕುಟುಂಬ ಕೆಲವು ವರ್ಷ ಇದ್ದದ್ದು ಈ ಊರಿನಲ್ಲೇ, ಮಣಲಿ ಮುದಲಿಯಾರರ ಆಶ್ರಯದಲ್ಲಿ. ಕಂಪನಿಯ ದುಭಾಷಿಯಾಗಿದ್ದ ಮುದಲಿಯಾರರು ಅಣ್ಣತಮ್ಮಂದಿರನ್ನು ಕೋಟೆಗೆ ಕರೆದೊಯ್ದು ಬ್ಯಾಂಡ್ ಕೇಳಿಸುತ್ತಿದ್ದರಂತೆ. ಆ ಧಾಟಿಗಳಿಗೆ ದೀಕ್ಷಿತರು ಸಾಹಿತ್ಯ ಕಟ್ಟಿದ್ದೇ ನೋಟು ಸ್ವರಗಳು. ತಮ್ಮ ಬಾಲುಸ್ವಾಮಿ ಪಿಟೀಲು ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ತಂದರು. ಇಂದು ಯಾವ ಕಛೇರಿಯಲ್ಲಿ ಪಿಟೀಲು ಕೇಳಿದರೂ ಅದರಲ್ಲಿ ಮಣಲಿಯ ಪಾಲೂ ಇದೆ. ಇದನ್ನು ಹೇಳಿದಾಗ ಅಪ್ಪ, ‘ಮತ್ತೆ ನೀನು ಇಷ್ಟು ದಿವಸ ಎಂತ ಇಲ್ಲ ಇಲ್ಲ ಅಂತ ಹೇಳಿದ್ದು?’ ಎಂದರು.

ನೀವು ಬರುವುದಾದರೆ ಒಂದೆರಡು ಮಾತು. ಮೆಟ್ರೋ ಈಗ ವಿಮ್ಕೋ ನಗರದವರೆಗೆ ಇದೆ. ತಿರುವೊತ್ತಿಯೂರಿನಲ್ಲಿ ಇಳಿದರೆ ತ್ಯಾಗರಾಜ ಸ್ವಾಮಿ ದೇವಸ್ಥಾನ, ಕಡಲ ಪಕ್ಕದ ಪಟ್ಟಿನತ್ತಾರ್ ಸಮಾಧಿ. ಹೈಕೋರ್ಟ್ ನಿಲ್ದಾಣದಲ್ಲಿ ಇಳಿದರೆ ಹಳೇ ಪೇಟೆ, ಕಾಳಿಕಾಂಬಾಳ್ ಗುಡಿ. ಹೈಕೋರ್ಟಿನ ಗೋಡೆಯಲ್ಲಿ, 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಂಡನ್ ಹಡಗು ನಗರದ ಮೇಲೆ ಗುಂಡು ಹಾರಿಸಿದ್ದರ ಫಲಕ. ಕೋಟೆಯ ಮ್ಯೂಸಿಯಂಗೆ ಶುಕ್ರವಾರ ರಜೆ. ಗುರುತಿನ ಚೀಟಿ ಜೊತೆಗಿರಲಿ. ಕಾಸಿಮೇಡಿಗೆ ಸೂರ್ಯ ಹುಟ್ಟುವ ಮೊದಲೇ ಹೋಗಿ, ಹಳೇ ಚಪ್ಪಲಿ ಹಾಕಿಕೊಂಡು.

ಹೊರಡುವ ಹಿಂದಿನ ದಿನ ಅಪ್ಪ ಪುಲಿಕಾಟ್ ಸರೋವರದ ಬಗ್ಗೆ ವಿಚಾರಿಸಿದರು. ಡಚ್ಚರು 1613ರಲ್ಲಿ ಕೋಟೆ ಕಟ್ಟಿದ್ದು, ಅವರ ಗೋರಿಗಳು, ಚಳಿಗಾಲದಲ್ಲಿ ಬರುವ ರಾಜಹಂಸಗಳು – ಎಲ್ಲ ಹೇಳಿದೆ. ‘ಹಾಗಾದರೆ ಟಿಕೆಟ್ ಒಂದು ವಾರ ಮುಂದೆ ಹಾಕು’ ಎಂದರು. ಇಲ್ಲೇ ಇರುತ್ತೇನೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಅಪ್ಪ ಹುಟ್ಟಿದ್ದು 1954ರಲ್ಲಿ. ಆಗ ದಕ್ಷಿಣ ಕನ್ನಡ ಇದ್ದದ್ದು ಮದ್ರಾಸ್ ರಾಜ್ಯದಲ್ಲಿ. ‘ನಾನು ಹುಟ್ಟಿದ ರಾಜ್ಯದ ರಾಜಧಾನಿಯನ್ನು ಎಪ್ಪತ್ತು ದಾಟಿದ ಮೇಲೆ ನೋಡಿದೆ’ ಎಂದು ಊರಲ್ಲಿ ಎಲ್ಲರಿಗೂ ಹೇಳುತ್ತಿದ್ದಾರಂತೆ. ಮೊನ್ನೆ ಅತ್ತೆ ಫೋನಿನಲ್ಲಿ ಮತ್ತೆ ಸ್ವೆಟರಿನ ಮಾತೆತ್ತಿದಾಗ, ಪಕ್ಕದಲ್ಲಿದ್ದ ಅಪ್ಪನ ದನಿ ಕೇಳಿಸಿತು: ‘ಅದು ಬೇರೆ ಮನಾಲಿ. ಇವನ ಮಣಲಿಯಲ್ಲಿ ಹಿಮ ಇಲ್ಲ, ಹತ್ತಿರದಲ್ಲೇ ಕಡಲುಂಟು. ಡಿಸೆಂಬರಿನಲ್ಲಿ ನಾನು ಹೋಗುವಾಗ ನೀನೂ ಬಾ.’