ಸರಪಳಿ ಗರಗಸದ ತೈಲ ಸೋರಿಕೆ: ಕಾರಣ ಮತ್ತು ನಿವಾರಣೆ

ಕೊಡಗು, ಚಿಕ್ಕಮಗಳೂರು ಜಿಲ್ಲೆಗಳ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಮರಗಳನ್ನು ಕಡಿಯಲು, ಮುಂಬಯಿ, ಪುಣೆಯಂತಹ ನಗರಗಳಲ್ಲಿ ಮಳೆಗಾಲಕ್ಕೆ ಮುನ್ನ ರಸ್ತೆಬದಿಯ ಮರಗಳ ಅಪಾಯಕಾರಿ ಕೊಂಬೆಗಳನ್ನು ತೆಗೆಯಲು ಯಂತ್ರಚಾಲಿತ ಸರಪಳಿ ಗರಗಸ, ಅಂದರೆ ಚೈನ್ ಸಾ, ಬಳಕೆಯಲ್ಲಿದೆ. ಕೆಲಸ ಮುಗಿದ ಮೇಲೆ ಅದು ತಿಂಗಳುಗಟ್ಟಲೆ ಉಗ್ರಾಣದಲ್ಲಿ ಉಳಿಯುತ್ತದೆ. ಆಗ ಅದರಿಂದ ಸೋರುವ ತೈಲವು ನೆಲವನ್ನು ಜಾರುವಂತೆ ಮಾಡುತ್ತದೆ. ತೈಲದಲ್ಲಿ ನೆನೆದ ಮರದ ಪುಡಿ ಮತ್ತು ಬಟ್ಟೆ ಬೆಂಕಿಗೆ ಸುಲಭವಾಗಿ ತುತ್ತಾಗುತ್ತವೆ. ಕಾಫಿ ಬೀಜವು ವಾಸನೆಯನ್ನು ಬೇಗ ಹೀರಿಕೊಳ್ಳುವುದರಿಂದ, ಅದೇ ಕೋಣೆಯಲ್ಲಿಟ್ಟ ಕಾಫಿ ಮೂಟೆಗಳು ಕೆಡುವ ಸಂಭವವೂ ಉಂಟು.

ಸೋರಿಕೆಗೆ ಕಾರಣಗಳು

ಪೆಟ್ರೋಲ್ ಗರಗಸದಲ್ಲಿ 2 ತೊಟ್ಟಿಗಳಿರುತ್ತವೆ. ಒಂದರಲ್ಲಿ ಎಂಜಿನ್ನಿಗೆ ಬೇಕಾದ ಇಂಧನ, ಇನ್ನೊಂದರಲ್ಲಿ ಸರಪಳಿಯ ಸವೆತವನ್ನು ತಡೆಯುವ ತೈಲ. ಯಂತ್ರ ನಡೆಯುವಾಗ ಚಿಕ್ಕ ಪಂಪೊಂದು ಈ ತೈಲವನ್ನು ಸರಪಳಿ ಓಡುವ ಪಟ್ಟಿಗೆ ಒದಗಿಸುತ್ತದೆ. ಯಂತ್ರ ನಿಂತಾಗ ಪಂಪ್ ನಿಲ್ಲುತ್ತದಾದರೂ ಪಟ್ಟಿಯ ಗಾಡಿಯಲ್ಲಿ ಮತ್ತು ಸರಪಳಿಯಲ್ಲಿ ಉಳಿದ ತೈಲ ತೊಟ್ಟಿಕ್ಕುತ್ತದೆ. ಬಿಸಿಯಾದ ತೊಟ್ಟಿಯೊಳಗೆ ಒತ್ತಡ ಹೆಚ್ಚಿದಾಗಲೂ ತೈಲ ಹೊರಬರುತ್ತದೆ. ಮುಚ್ಚಳದ ರಬ್ಬರ್ ಉಂಗುರ ಸವೆದಿರುವುದು, ತೈಲನಾಳ ಬಿರುಕು ಬಿಟ್ಟಿರುವುದು, ಗಾಳಿರಂಧ್ರ ಕಟ್ಟಿಕೊಂಡಿರುವುದು ಇತರ ಕಾರಣಗಳು. ತೀರ ತೆಳುವಾದ ತೈಲ ಬಳಸಿದರೆ ಸೋರಿಕೆ ಅಧಿಕವಾಗುತ್ತದೆ.

ದೋಷವನ್ನು ಗುರುತಿಸುವ ಬಗೆ

ಯಂತ್ರವನ್ನು ಒರೆಸಿ ಒಂದು ರಾತ್ರಿ ಬಿಳಿ ಕಾಗದದ ಮೇಲಿಡಬೇಕು. ಪಟ್ಟಿಯ ಬುಡದಲ್ಲಿ ಕೆಲವೇ ಹನಿಗಳು ಬಿದ್ದು ಮರುದಿನ ನಿಂತರೆ ಅದು ಉಳಿಕೆ ತೈಲ, ಚಿಂತೆಗೆ ಕಾರಣವಿಲ್ಲ. ಕಲೆ ದಿನೇ ದಿನೇ ಬೆಳೆದು, ತೊಟ್ಟಿಯ ಮಟ್ಟವೂ ಇಳಿಯುತ್ತಿದ್ದರೆ ಮುಚ್ಚಳ, ನಾಳ ಮತ್ತು ಪಂಪನ್ನು ತಜ್ಞರಿಂದ ಪರೀಕ್ಷಿಸಬೇಕು.

ಶೇಖರಣೆಗೆ ಮುನ್ನ

ಯಂತ್ರ ಸಂಪೂರ್ಣ ತಣಿದ ಬಳಿಕ ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಬೇಕು. ಮುಚ್ಚಳಗಳನ್ನು ನಿಧಾನವಾಗಿ ಸಡಿಲಿಸಿ ಒಳಗಿನ ಒತ್ತಡವನ್ನು ಬಿಡುಗಡೆ ಮಾಡಿ ಪುನಃ ಬಿಗಿಗೊಳಿಸಬೇಕು. ಕೈಗವಸು ಧರಿಸಿ, ಪಟ್ಟಿ ಮತ್ತು ಸರಪಳಿಯನ್ನು ಬಿಚ್ಚಿ, ಗಾಡಿಯಲ್ಲಿ ಹಾಗೂ ತೈಲರಂಧ್ರದಲ್ಲಿ ಸೇರಿದ ಮರದ ಪುಡಿಯನ್ನು ಕುಂಚದಿಂದ ತೆಗೆಯಬೇಕು. ದೀರ್ಘಕಾಲ ಇಡುವುದಾದರೆ ಇಂಧನವನ್ನು ಗಾಳಿಯಾಡುವ ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಖಾಲಿ ಮಾಡಬೇಕು. ಕೆಲವು ಸಸ್ಯಜನ್ಯ ತೈಲಗಳು ನಿಂತಲ್ಲಿಯೇ ಅಂಟಾಗುವುದರಿಂದ ಸರಪಳಿ ತೈಲದ ತೊಟ್ಟಿಯ ವಿಷಯದಲ್ಲಿ ತಯಾರಕರ ಕೈಪಿಡಿಯನ್ನು ಅನುಸರಿಸುವುದು ಕ್ಷೇಮ. ಬಳಿಕ ಪಟ್ಟಿಗೆ ಕವಚ ತೊಡಿಸಿ, ಯಂತ್ರವನ್ನು ಅಗಲವಾದ ತಟ್ಟೆಯಲ್ಲಿ ಸಮತಟ್ಟಾಗಿ, ಮಕ್ಕಳ ಕೈಗೆಟುಕದ ಒಣ ಸ್ಥಳದಲ್ಲಿ ಇಡಬೇಕು.

ಹಳೆಯ ಎಂಜಿನ್ ತೈಲವನ್ನು ಸರಪಳಿಗೆ ಬಳಸುವುದು ಉಳಿತಾಯವಲ್ಲ. ಅದರಲ್ಲಿರುವ ಲೋಹದ ಕಣಗಳು ಪಂಪನ್ನು ಸವೆಸುತ್ತವೆ. ಅದರ ಸತತ ಸಂಪರ್ಕ ಚರ್ಮಕ್ಕೂ ಹಾನಿಕರ. ಬಳಸಿದ ತೈಲವನ್ನು ಚರಂಡಿಗಾಗಲಿ ಬಾವಿಯ ಬಳಿಗಾಗಲಿ ಸುರಿಯಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಅದು ಬರುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಸಂಗ್ರಹಿಸಿ, ಅಧಿಕೃತ ಮರುಬಳಕೆದಾರರಿಗೆ ತಲುಪಿಸುವವರಿಗೆ ಒಪ್ಪಿಸುವುದೇ ಸರಿಯಾದ ಕ್ರಮ.